ದಾಕ್ಷಿಣ್ಯವಿಲ್ಲದ ಕಾವಲುಗಾರರು

ಮಾರ್ಚ್ ೩

ತಂಗಿಗೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ, ನೀನು ಫೋನ್ ಎತ್ತುವುದಿಲ್ಲ. ಹಾಗಾಗಿ ವಾಡಿಕೆಯನ್ನು ಪಕ್ಕಕ್ಕಿಟ್ಟು ಕಾಗದ ಬರೆಯುತ್ತಿದ್ದೇನೆ. ಕೈಗೆ ಹತ್ತಿಯ ಗವಸು ಹಾಕಿಕೊಂಡಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ, ವಯಸ್ಸಲ್ಲ.

ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಮನೆಗೆ ಬಿಟ್ಟಿಲ್ಲ. ಆಸ್ಪತ್ರೆಯ ಎದುರು ರಸ್ತೆಯಲ್ಲಿ ಮೂರನೇ ಮಹಡಿಯ ಒಂದು ಕೋಣೆ ಹಿಡಿದಿದ್ದೇವೆ. ಕಿಟಕಿ ತೆರೆಯುವಂತಿಲ್ಲ, ಹೂವು ಇಡುವಂತಿಲ್ಲ. ಯಾರಾದರೂ ಕೆಮ್ಮುತ್ತ ಬಂದರೆ ನಿನ್ನ ಭಾವ ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಾರೆ. ಜೀವನವಿಡೀ ಮಕ್ಕಳ ಗದ್ದಲದ ನಡುವೆ ಗಣಿತ ಕಲಿಸಿದವಳಿಗೆ ಈ ಮೌನ ತಲೆ ತಿನ್ನುತ್ತದೆ.

ನನ್ನ ರಕ್ತದ ಕ್ಯಾನ್ಸರಿಗೆಂದು ನೀನು ಕೊಟ್ಟ ರಕ್ತದ ಕಣಗಳು ನನ್ನೊಳಗೆ ಬೇರು ಬಿಟ್ಟಿವೆಯಂತೆ. ನನ್ನ ರಕ್ತದ ಗುಂಪು ಕೂಡ ಬದಲಾಗಿ ನಿನ್ನದಾಗಿದೆ. ಡಾಕ್ಟರು, ಅದೇ ಆ ಬೋಳುತಲೆಯವರು, ಮೊನ್ನೆ ಕೂರಿಸಿಕೊಂಡು ಎಲ್ಲ ವಿವರಿಸಿದರು. ಪ್ರತಿಯೊಬ್ಬರ ಎದೆಗೂಡಿನಲ್ಲಿ, ಹೃದಯದ ಸ್ವಲ್ಪ ಮೇಲೆ, ಒಂದು ಸಣ್ಣ ಗ್ರಂಥಿ ಇದೆ. ರಕ್ತದ ಕಾವಲುಗಾರ ಕಣಗಳಿಗೆ ಅದೇ ಶಾಲೆ. ನಮ್ಮ ಚರ್ಮ, ಕರುಳು, ಯಕೃತ್ತು ಇವುಗಳ ಗುರುತನ್ನು ಅಲ್ಲಿ ಒಂದೊಂದಾಗಿ ತೋರಿಸುತ್ತಾರೆ. ನಮ್ಮದೇ ಗುರುತು ನೋಡಿ ಹಲ್ಲು ಮಸೆಯುವ ಕಣವನ್ನು ಅಲ್ಲಿಯೇ ಮುಗಿಸಿಬಿಡುತ್ತಾರೆ. ನೂರರಲ್ಲಿ ನಾಲ್ಕೈದು ಮಾತ್ರ ಪಾಸಾಗಿ ಹೊರಗೆ ಬರುತ್ತವೆ. "ನಮ್ಮ ಶಾಲೇಲಿ ಇಂಥ ಫಲಿತಾಂಶ ಬಂದಿದ್ರೆ ನನ್ನನ್ನೇ ಮನೆಗೆ ಕಳಿಸ್ತಿದ್ರು ಡಾಕ್ಟ್ರೇ" ಎಂದೆ. ಅವರು ನಗಲಿಲ್ಲ.

ವಿಷಯವೇನೆಂದರೆ, ನಿನ್ನ ಕಣಗಳು ಪಾಸಾದದ್ದು ನಿನ್ನ ಶಾಲೆಯಲ್ಲಿ. ಅವಕ್ಕೆ ನಿನ್ನ ಮೈ ಗೊತ್ತು, ನನ್ನದು ಗೊತ್ತಿಲ್ಲ. ದೊಡ್ಡ ಗುರುತುಗಳು ಹತ್ತಕ್ಕೆ ಹತ್ತು ಹೊಂದಿದ್ದವು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಸಣ್ಣಪುಟ್ಟ ಗುರುತುಗಳಲ್ಲಿ ವ್ಯತ್ಯಾಸವಿದೆ. ಅಷ್ಟಕ್ಕೇ ನನ್ನನ್ನು ಹೊರಗಿನವಳೆಂದು ತಿಳಿದು ಮುಗಿಬಿದ್ದಿವೆ. ಅಂಗೈ ಸುಲಿದಿದೆ, ಕಣ್ಣಲ್ಲಿ ನೀರಿಲ್ಲ, ಬಾಯೊಳಗೆ ಹುಣ್ಣು. ಅವನ್ನು ಮಂಕು ಮಾಡಿ ಇಡಲು ದಿನಕ್ಕೆರಡು ಹೊತ್ತು ಮಾತ್ರೆ. ಪೂರ್ತಿ ಮಂಕು ಮಾಡುವಂತೆಯೂ ಇಲ್ಲವಂತೆ, ಯಾಕೆಂದರೆ ನನ್ನ ರೋಗದ ಕಣಗಳು ಎಲ್ಲಾದರೂ ಉಳಿದಿದ್ದರೆ ಅವನ್ನು ಹುಡುಕಿ ಕೊಲ್ಲಬೇಕಾದವೂ ಇವೇ.

ಚಿಕ್ಕಂದಿನಿಂದ ನಿನ್ನ ಸ್ವಭಾವವೇ ಹಾಗೆ, ತಬ್ಬಿಕೊಂಡಾಗಲೇ ಚಿವುಟುವುದು. ಇದನ್ನು ತಮಾಷೆಗೆ ಬರೆದೆ. ಕೋಪಿಸಿಕೊಳ್ಳಬೇಡ.

ಅಂದು ಕಣಗಳನ್ನು ಕೊಟ್ಟು ಒಂದು ಮಾತೂ ಹೇಳದೆ ಹೋದೆ. ನಾನೇನು ತಪ್ಪು ಮಾತಾಡಿದೆ ಎಂದು ಇವತ್ತಿಗೂ ತಿಳಿದಿಲ್ಲ. ತಿಳಿಸಿದರೆ ತಿಳಿದುಕೊಳ್ಳುತ್ತೇನೆ.

ಅಕ್ಕ

ಏಪ್ರಿಲ್ ೧೯

ಅಕ್ಕನಿಗೆ,

ಕಾಗದ ಬಂದು ಬಹಳ ದಿನವಾಯಿತು. ಬೇಸಿಗೆ ರಜೆ ಬಂದರೆ ಊರಿನ ಹುಡುಗರೆಲ್ಲ ಕಾರು ಕಲಿಯಲು ಬರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದೇ ನನ್ನ ಕೆಲಸ. ಬಿಡುವಿರಲಿಲ್ಲ ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ಬರೆಯಲು ಮನಸ್ಸಿರಲಿಲ್ಲ.

ನಿನ್ನ ಅಂಗೈ ವಿಷಯ ಓದಿ ಸಂಕಟವಾಯಿತು. ನನ್ನಿಂದ ಹೋದದ್ದು ನಿನ್ನನ್ನು ಕಚ್ಚುತ್ತಿದೆ ಎಂದರೆ ನನಗೇನೂ ಸಂತೋಷವಿಲ್ಲ.

ಏನು ತಪ್ಪು ಮಾತಾಡಿದೆ ಎಂದು ಕೇಳಿದ್ದೀಯ. ಕಣಗಳನ್ನು ಕೊಡುವ ಮೊದಲು ನಾವಿಬ್ಬರೂ ಡಾಕ್ಟರ ಮೇಜಿನ ಮುಂದೆ ಕೂತಿದ್ದೆವು. ಅವರು ನನ್ನನ್ನು ನೋಡಿ "ನಿಮಗೆ ಏನಾದ್ರೂ ತಿಂದ್ರೆ ಆಗಲ್ಲ ಅಂತ ಇದೆಯಾ, ಅಲರ್ಜಿ ಥರ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಉತ್ತರ ನಿನ್ನ ಬಾಯಿಂದ ಬಂತು. "ಏನಿಲ್ಲ ಡಾಕ್ಟ್ರೇ. ಕಡಲೆಬೀಜ ಕಂಡ್ರೆ ಗಂಟಲು ಕಟ್ಟುತ್ತೆ ಅಂತ ಚಿಕ್ಕೋಳಿದ್ದಾಗ ನಾಟಕ ಆಡ್ತಿದ್ಲು. ನಮ್ಮನೇಲಿ ಇವಳ ಹೆಸರೇ ನಾಟಕ ಕಂಪನಿ." ಡಾಕ್ಟರು ನಕ್ಕರು. ಇಲ್ಲ ಎಂಬ ಕಡೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದರು.

ನಾನು ಸುಮ್ಮನಿದ್ದೆ. ನಲವತ್ತು ದಾಟಿದ ಹೆಂಗಸು ನಾನು. ಬೇರೆಯವರ ಜೀವ ಕೈಯಲ್ಲಿ ಹಿಡಿದು ದಾರಿಯಲ್ಲಿ ಓಡಾಡುವವಳು. ನಿನ್ನ ಪಕ್ಕ ಕೂತರೆ ಏಳು ವರ್ಷದವಳಾಗಿಬಿಡುತ್ತೇನೆ. ಅಲ್ಲಿ ಜಗಳ ತೆಗೆದರೆ ನಿನ್ನ ಚಿಕಿತ್ಸೆಗೆ ಅಡ್ಡಿಯಾದೀತು ಎಂದೂ ಹೆದರಿದೆ.

ನನಗೆ ಕಡಲೆಬೀಜ ಆಗುವುದಿಲ್ಲ, ಅಕ್ಕ. ಇಲ್ಲಿ ಪರೀಕ್ಷೆ ಮಾಡಿಸಿದಾಗ ನಿನಗೆ ಹೇಳಿದ್ದೆ. "ಡಾಕ್ಟರ ಮುಂದೇನೂ ನಾಟಕ ಮಾಡಿ ಬಂದ್ಯಾ" ಎಂದೆ. ಗಂಟಲು ಕಟ್ಟಿದರೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಇಲ್ಲದೆ ನಾನು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ.

ನಿನ್ನ ತಂಗಿ

ಏಪ್ರಿಲ್ ೨೬

ತಂಗಿಗೆ,

ಇಷ್ಟೇನಾ? ಇಷ್ಟಕ್ಕೇ ನಾಲ್ಕು ತಿಂಗಳು ಫೋನ್ ಎತ್ತಲಿಲ್ಲವೇ? ನಾನು ಏನೇನೋ ಊಹಿಸಿಕೊಂಡಿದ್ದೆ.

ನೀನು ನೆನಪಿಟ್ಟುಕೊಂಡದ್ದನ್ನು ಬರೆದೆ, ನಾನೂ ಬರೆಯುತ್ತೇನೆ. ಅಮ್ಮ ನೂಲಿನ ಗಿರಣಿಯಲ್ಲಿ ಎರಡು ಪಾಳಿ ದುಡಿಯುತ್ತಿದ್ದಳು. ಅಪ್ಪನ ಮುಖ ನಿನಗೆ ನೆನಪೂ ಇರಲಿಕ್ಕಿಲ್ಲ. ಒಲೆ ನನ್ನ ಪಾಲಿಗೆ ಬಂದಾಗ ನನಗೆ ಹದಿನಾಲ್ಕು. ಗಿರಣಿಯವರು ಸಂಬಳದ ಜೊತೆ ಕೊಡುತ್ತಿದ್ದದ್ದು ಒಂದು ಚೀಲ ಕಡಲೆಬೀಜ. ಮನೆಯಲ್ಲಿ ಹೊಟ್ಟೆ ತುಂಬುವಂಥದ್ದು ಅದೊಂದೇ ಇತ್ತು. ಅದನ್ನು ಹುರಿದು ಕೊಟ್ಟರೆ ನೀನು ತುಟಿ ಬಿಗಿ ಹಿಡಿದು ಕೂರುತ್ತಿದ್ದೆ. ಬೇರೆ ಏನು ಕೊಡಲಿ, ಗೋಡೆಯ ಸುಣ್ಣವನ್ನೇ? ನಿನ್ನ ಕೆನ್ನೆ ಹಿಡಿದು ಬಾಯಿಗೆ ತುರುಕಿದ್ದು ಹೌದು. ವಾಂತಿ ಮಾಡುತ್ತಿದ್ದೆ, ಕೆಂಪಗಾಗುತ್ತಿದ್ದೆ, ಉಸಿರು ಬಿಗಿ ಹಿಡಿಯುತ್ತಿದ್ದೆ. ಹಟ ಮಾಡುವ ಮಕ್ಕಳು ಉಸಿರು ಬಿಗಿ ಹಿಡಿಯುತ್ತಾರೆ, ನಾನು ಶಾಲೆಯಲ್ಲಿ ನೂರು ನೋಡಿದ್ದೇನೆ. ನಾನು ಸುರಿದದ್ದನ್ನು ತಿಂದೇ ಇಷ್ಟು ಎತ್ತರ ಬೆಳೆದೆಯಲ್ಲ.

ನನ್ನ ಓರಗೆಯವರು ಆಡುತ್ತಿದ್ದಾಗ ನಾನು ನಿನ್ನ ತಲೆ ಬಾಚುತ್ತಿದ್ದೆ. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ತುರುಕಿದ ಎರಡು ಕಾಳು ಮಾತ್ರ ಎಲ್ಲರಿಗೂ ನೆನಪು.

ಡಾಕ್ಟರು ಮಾತ್ರೆ ಕಡಿಮೆ ಮಾಡುತ್ತಿದ್ದಾರೆ. ಅಂಗೈಗೆ ಹೊಸ ಚರ್ಮ ಬರುತ್ತಿದೆ. ನಿನ್ನವರು ನನ್ನ ಜೊತೆ ಹೊಂದಿಕೊಳ್ಳಲು ಕಲಿಯುತ್ತಿದ್ದಾರೆ. ನೀನೂ ಕಲಿ.

ಅಕ್ಕ

ಮೇ ೮

ಅಕ್ಕನಿಗೆ,

ನನ್ನ ಕೋಪ ಒಂದು ಕಡೆ ಇರಲಿ. ಇದು ಬೇರೆ ವಿಷಯ, ದಯವಿಟ್ಟು ಪೂರ್ತಿ ಓದು.

ನನ್ನ ಹತ್ತಿರ ಒಬ್ಬ ಚರ್ಮದ ಡಾಕ್ಟರು ಕಾರು ಕಲಿಯುತ್ತಿದ್ದಾರೆ. ಒಮ್ಮೆ ಕ್ಲಚ್ಚಿನ ಮೇಲೆ ಕಾಲಿಟ್ಟರೆ ತೆಗೆಯುವ ಮಾತೇ ಇಲ್ಲ. ಮೊನ್ನೆ ರೈಲ್ವೆ ಗೇಟು ಹಾಕಿದ್ದರಿಂದ ಕಾಯುತ್ತಿದ್ದಾಗ ನಿನ್ನ ಅಂಗೈ ವಿಷಯ ತೆಗೆದೆ. ಮಾತಿಗೆ ಮಾತು ಬೆಳೆದು ನನ್ನ ಕಡಲೆಬೀಜದ ವಿಷಯವೂ ಬಂತು. ಅವರು ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮಕ್ಕನ ಡಾಕ್ಟ್ರಿಗೆ ಇದು ಗೊತ್ತಾ?" ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕಾವಲುಗಾರ ಕಣಗಳು ಎರಡು ಪಾಠ ಕಲಿತಿರುತ್ತವೆ. ನಮ್ಮವರು ಯಾರು ಎಂಬುದು ಒಂದು, ಅದು ಶಾಲೆಯ ಪಾಠ. ಹೊರಗಿನವರಲ್ಲಿ ಯಾರನ್ನು ಬಿಡಬಾರದು ಎಂಬುದು ಇನ್ನೊಂದು, ಅದು ಬದುಕಿನಲ್ಲಿ ಕಲಿತದ್ದು. ನನ್ನ ಕಣಗಳು ಯಾವುದೋ ಕಾಲದಲ್ಲಿ ಏನೂ ತಪ್ಪು ಮಾಡದ ಕಡಲೆಬೀಜವನ್ನು ಶತ್ರು ಎಂದು ತಪ್ಪಾಗಿ ಗುರುತು ಹಾಕಿಕೊಂಡಿವೆ. ಆ ನೆನಪು ಇರುವುದು ಕಣಗಳಲ್ಲಿ. ಕಣಗಳು ಬೇರೆ ಮೈಗೆ ಹೋದರೆ ನೆನಪೂ ಹೋಗಬಹುದು. ಯಾವಾಗಲೂ ಹೀಗಾಗುವುದಿಲ್ಲವಂತೆ, ಆದರೆ ಆದದ್ದುಂಟಂತೆ. ನೀನು ಮಾತ್ರೆ ನುಂಗುತ್ತಿರುವವರೆಗೆ ಅವು ಮಂಕಾಗಿರುತ್ತವೆ. ಮಾತ್ರೆ ಇಳಿದ ಹಾಗೆ ಎಚ್ಚರವಾಗುತ್ತವೆ. ನಿನಗೆ ಈಗ ಮಾತ್ರೆ ಇಳಿಸುತ್ತಿದ್ದಾರೆ.

ಕಡಲೆಬೀಜ ಮುಟ್ಟಬೇಡ. ಅದರ ಎಣ್ಣೆಯೂ ಬೇಡ. ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸು. ಹೇಗೆ ಹೇಳುವುದು ಎಂದು ಸಂಕೋಚವಾದರೆ ತಂಗಿ ಈಗ ಹೇಳಿದಳು ಎನ್ನು, ನನ್ನ ಹೆಸರಿನ ಮೇಲೆ ಹಾಕು. ನನಗೇನೂ ಬೇಸರವಿಲ್ಲ.

ಆ ಗಂಟಲು ಕಟ್ಟುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಅದು ನಿನಗೆ ಬೇಡ.

ನಿನ್ನ ತಂಗಿ

ಮೇ ೧೭

ತಂಗಿಗೆ,

ನಿನ್ನ ಕಾಗದವನ್ನು ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು "ಡಾಕ್ಟ್ರನ್ನ ಒಂದು ಮಾತು ಕೇಳಿದ್ರೆ ಏನು ಕಳ್ಕೊಳ್ತೀಯ" ಎಂದರು. ಅವರದು ಯಾವಾಗಲೂ ಹೀಗೆ, ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ.

ನೀನು ಜಾಣೆ. ನಿನ್ನ ಮಾತನ್ನು ನಾನು ನಂಬಲಿಲ್ಲ ಎಂದು ಈಗ ಒಬ್ಬ ಡಾಕ್ಟರನ್ನು ಹಿಡಿದು ತಂದಿದ್ದೀಯ, ಅದೂ ಕ್ಲಚ್ಚು ಬಿಡಲು ಬಾರದವರನ್ನು. ನಿನ್ನ ರಕ್ತ ಬಂದ ಮೇಲೆ ನಿನ್ನ ನಾಟಕವೂ ಬರಬೇಕು ಎಂಬ ಲೆಕ್ಕ. ಕೊನೆಗೆ ಅಕ್ಕನೂ ನಾಟಕ ಕಂಪನಿಗೆ ಸೇರಿದಳು ಎಂದು ನೀನು ನಗಬಹುದು.

ನನ್ನ ಡಾಕ್ಟರ ಮುಂದೆ ಹೋಗಿ, ಅಂದು ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳಬೇಕು. ನಿನಗೆ ಬೇಕಾದದ್ದು ಇದೇ ಅಲ್ಲವೇ? ಸಾಧಿಸಿ ತೋರಿಸದ ಯಾವ ಪ್ರಮೇಯವನ್ನೂ ನಾನು ಒಪ್ಪಿದವಳಲ್ಲ. ಸಾಧಿಸುವುದೂ ಸುಲಭ. ನಾಳೆ ಭಾವ ಔಷಧಿ ತರಲು ಹೋದಾಗ ಕೆಳಗಿನ ಅಂಗಡಿಯ ಹುಡುಗನಿಂದ ಹುರಿದ ಕಡಲೆಬೀಜದ ಒಂದು ಪೊಟ್ಟಣ ತರಿಸುತ್ತೇನೆ. ಬಾಯಿ ಹುಣ್ಣು ಮಾಗಿದೆ, ಗರಿಗರಿಯಾದದ್ದನ್ನು ಕಡಿದು ಯುಗವಾಯಿತು. ತಿಂದು, ಏನೂ ಆಗಲಿಲ್ಲ ಎಂದು ನಿನಗೆ ಬರೆಯುತ್ತೇನೆ. ಆಮೇಲೆ ಈ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಬಾರದು.

ಅಕ್ಕ

ಮೇ ೨೨

ಅಕ್ಕ,

ಕಾಗದ ಈಗ ತಲುಪಿತು. ನಿನಗೆ ಫೋನ್ ಮಾಡಿದೆ, ಭಾವನಿಗೂ ಮಾಡಿದೆ. ಯಾರೂ ಎತ್ತುತ್ತಿಲ್ಲ. ತಿನ್ನಬೇಡ. ನೀನು ಗೆದ್ದೆ ಎಂದು ಬೇಕಾದರೆ ಬರೆದು ಕೊಡುತ್ತೇನೆ, ತಿನ್ನಬೇಡ.

ತಂಗಿ

ಜುಲೈ ೨

ತಂಗಿಗೆ,

ಭಾವ ನಿನಗೆ ಫೋನಿನಲ್ಲಿ ಎಲ್ಲ ತಿಳಿಸಿದ್ದಾರೆ. ಆದರೂ ನಾನೇ ಬರೆಯಬೇಕು ಎಂದು ಕೈಗೆ ಬಲ ಬರುವವರೆಗೆ ಕಾದೆ.

ತಿಂದದ್ದು ಒಂದು ಚಿಟಿಕೆಯಷ್ಟು ಕಾಳು. ಮೊದಲು ತುಟಿ ಜುಮ್ಮೆಂದಿತು. ಆಮೇಲೆ ನಾಲಿಗೆ ನನ್ನದಲ್ಲ ಎನ್ನುವಷ್ಟು ದಪ್ಪವಾಯಿತು. ಉಸಿರು ಒಳಗೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಅಷ್ಟರಲ್ಲಿ ಔಷಧಿ ತಂದ ಭಾವ ನನ್ನನ್ನು ಹೊತ್ತುಕೊಂಡು ಮೂರು ಮಹಡಿ ಇಳಿದು ರಸ್ತೆ ದಾಟಿದರು. ಅವರ ಮಂಡಿ ನಿನಗೆ ಗೊತ್ತೇ ಇದೆ. ಗಂಟಲಿಗೆ ಕೊಳವೆ ಇಳಿಸಿ ಉಳಿಸಿಕೊಂಡರು. ಆ ಗೊಂದಲದಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲಿ ಮತ್ತೆ ವಾರಗಟ್ಟಲೆ ವಾರ್ಡಿನಲ್ಲಿ ಬಿದ್ದಿದ್ದೆ.

ಬೋಳುತಲೆಯ ಡಾಕ್ಟರಿಗೆ ಇಷ್ಟು ಸಿಟ್ಟು ಬರುತ್ತದೆ ಎಂದು ಗೊತ್ತಿರಲಿಲ್ಲ. "ದಾನಿಗೆ ಅಲರ್ಜಿ ಇದ್ದದ್ದು ನಮಗೆ ಯಾಕೆ ಗೊತ್ತಾಗ್ಲಿಲ್ಲ?" ಎಂದು ಕೇಳಿದರು. "ಅವತ್ತು ನನ್ನ ತಂಗಿ ಏನೂ ಹೇಳಲಿಲ್ಲ" ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ನೀನು ಹೇಳಲಿಲ್ಲ.

ಅದನ್ನೇ ನಾನು ಮಲಗಿ ಮಲಗಿ ಯೋಚಿಸಿದೆ. ನನ್ನ ಬಾಯಿ ನನ್ನ ಹತ್ತಿರ ಇತ್ತು, ನಿನ್ನ ಬಾಯಿ ನಿನ್ನ ಹತ್ತಿರ ಇತ್ತು. ನಾನು ಏನೋ ತಮಾಷೆ ಮಾಡಿದೆ. ನೀನು "ಇಲ್ಲ ಡಾಕ್ಟ್ರೇ, ನಿಜವಾಗ್ಲೂ ಆಗಲ್ಲ" ಎಂದು ನಾಲ್ಕು ಶಬ್ದ ಹೇಳಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಅಷ್ಟು ಹೇಳಲು ನಿನಗೇನು ಕಷ್ಟವಾಗಿತ್ತು? ಸಾಯುವವಳ ಮುಂದೆಯೂ ಬಿಗುಮಾನವೇ? ನಿನ್ನ ಮೇಲೆ ನನಗೆ ಕೋಪವಿಲ್ಲ, ಬೇಸರವಿದೆ.

ಅಕ್ಕ

ಜುಲೈ ೧೫

ಅಕ್ಕನಿಗೆ,

ನಿನ್ನ ಡಾಕ್ಟರು ನನಗೆ ಫೋನ್ ಮಾಡಿದ್ದರು. ಆಗ ಒಬ್ಬ ವಿದ್ಯಾರ್ಥಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಅವನಿಗೆ ನಿಲ್ಲಿಸಲು ಹೇಳಿ ಇಳಿದು, ಒಂದು ಬೀಗ ಹಾಕಿದ ಅಂಗಡಿಯ ಮೆಟ್ಟಿಲಲ್ಲಿ ಕೂತು ಮಾತಾಡಿದೆ. ಅವರು ಬಹಳ ಮರ್ಯಾದೆಯಿಂದಲೇ ಕೇಳಿದರು: "ಇಷ್ಟು ದೊಡ್ಡ ವಿಷಯ ಯಾಕಮ್ಮ ಮುಚ್ಚಿಟ್ರಿ?"

"ಮರೆತುಬಿಟ್ಟೆ ಡಾಕ್ಟ್ರೇ" ಎಂದೆ.

ಗಂಟಲು ಕಟ್ಟಿ ಸಾಯುವಂತಾದದ್ದನ್ನು ಯಾರೂ ಮರೆಯುವುದಿಲ್ಲ ಎಂದು ಅವರಿಗೂ ಗೊತ್ತು. ಅವರು ಮುಂದೆ ಹೀಗೆ ಮಾಡಬೇಡಿ ಎಂದರು. ಆಯಿತು ಎಂದೆ. ನಿಜ ಹೇಳಿದ್ದರೆ ನಾಳೆಯಿಂದ ಅವರು ನಿನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರು. ನಿನಗೆ ಅವರ ಹತ್ತಿರ ಇನ್ನೂ ಕೆಲಸವಿದೆ. ಅದಕ್ಕೇ ನುಂಗಿಕೊಂಡೆ. ನಿನಗಾಗಿ ನುಂಗುವುದು ನನಗೆ ಹೊಸದೇನಲ್ಲ.

ನೀನು ವಾರ್ಡಿನಲ್ಲಿದ್ದ ದಿನಗಳಲ್ಲಿ ನಾನು ಭಾವನಿಗೆ ದಿನಾ ಫೋನ್ ಮಾಡುತ್ತಿದ್ದೆ. ನಿನಗೆ ಹೇಳಬೇಡಿ ಎಂದಿದ್ದೆ. ನನ್ನ ಕಣಗಳು ನಿನ್ನನ್ನು ಕೊಂದರೆ ನಾನು ಹೇಗೆ ಬದುಕಲಿ ಎಂದು ಅತ್ತೆ. ಈಗ ನೀನು ಉಳಿದಿದ್ದೀಯ, ಕಾಗದ ಬರೆದಿದ್ದೀಯ, ತಪ್ಪೆಲ್ಲ ನನ್ನದು ಎಂದಿದ್ದೀಯ. ಮೊದಲ ಸಲ ನನಗೆ ಅಳು ಬರಲಿಲ್ಲ.

ಅಮ್ಮನ ಕಷ್ಟ ಗೊತ್ತು, ನಿನ್ನ ಕಷ್ಟವೂ ಗೊತ್ತು. ನೀನು ತುರುಕಿದ್ದಕ್ಕೆ ನನಗೆ ಕೋಪವಿಲ್ಲ. ನೀನೂ ಮಗುವೇ ಆಗಿದ್ದೆ, ನಿನಗೆ ತಿಳಿದಿರಲಿಲ್ಲ. ಆದರೆ ಈಗ ತಿಳಿದಿದೆ. ನಿನ್ನದೇ ಗಂಟಲು ತಿಳಿಸಿಕೊಟ್ಟಿದೆ. ಇನ್ನೂ ಯಾವ ಪರೀಕ್ಷೆ ಬೇಕು?

ನನಗೆ ಕ್ಷಮೆ ಬೇಡ. ಒಂದು ವಾಕ್ಯ ಬೇಕು. 'ನೀನು ನಾಟಕ ಆಡುತ್ತಿರಲಿಲ್ಲ' ಎಂದು ನಿನ್ನ ಕೈಯಾರೆ ಬರೆದು ಕಳಿಸು. ಬೇರೇನೂ ಬರೆಯಬೇಡ, ಎಲ್ಲರೂ ಕ್ಷೇಮ ಎಂದೂ ಬೇಡ. ಅದು ಬಂದರೆ ನಾನು ಮುಂದಿನ ಬಸ್ಸಿಗೆ ನಿನ್ನನ್ನು ನೋಡಲು ಬರುತ್ತೇನೆ.

ತಂಗಿ

ಅಕ್ಟೋಬರ್ ೯

ತಂಗಿಗೆ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಕೋಣೆ ಖಾಲಿ ಮಾಡಿ ಮನೆಗೆ ಬಂದೆವು. ಮನೆಯ ಗಲಾಟೆಯಲ್ಲಿ ಕೂತು ಬರೆಯಲು ಆಗುವುದಿಲ್ಲ.

ಗಲಾಟೆ ಎಂದರೆ ನನ್ನ ನಾದಿನಿ. ನನ್ನನ್ನು ನೋಡಿಕೊಳ್ಳುತ್ತೇನೆ ಎಂದು ಪೆಟ್ಟಿಗೆ ಸಮೇತ ಬಂದು ಇಳಿದಿದ್ದಾಳೆ. ಅವಳ ಕಥೆಯನ್ನು ಬೇರೆ ಯಾರಿಗೆ ಹೇಳಲಿ, ನಿನಗೇ ಹೇಳುತ್ತೇನೆ. ಮನೆಗೆ ಕಡಲೆಬೀಜ ತರಬೇಡ ಎಂದು ಮೊದಲ ದಿನವೇ ಹೇಳಿದೆ. "ಇಷ್ಟು ವರ್ಷ ತಿಂದೋರಿಗೆ ಈಗ ಆಗಲ್ಲ ಅಂದ್ರೆ ಹೇಗೆ ಅತ್ತಿಗೆ? ಎಲ್ಲಾ ಮನಸ್ಸಿಂದು" ಎಂದಳು. ವಿವರಿಸಿದೆ, ಆಸ್ಪತ್ರೆಯ ಕಾಗದ ತೋರಿಸಿದೆ. ತಲೆಯಾಡಿಸಿದಳು. ಆಮೇಲೆ ಪಕ್ಕದ ಮನೆಯವರು ಬಂದಿದ್ದಾಗ, ನಾನು ಅವರು ತಂದ ಬಿಸ್ಕತ್ತಿನ ಡಬ್ಬಿಯ ಹಿಂದೆ ಏನೇನು ಹಾಕಿದ್ದಾರೆ ಎಂದು ಓದುತ್ತಿದ್ದರೆ, ಅವರಿಗೆ ಕಣ್ಣು ಹೊಡೆದು "ಕಾಯಿಲೆ ಬಂದ್ಮೇಲೆ ನಮ್ಮತ್ತಿಗೆಗೆ ಸ್ವಲ್ಪ ಎಲ್ಲರೂ ತನ್ನನ್ನೇ ನೋಡ್ಬೇಕು ಅನ್ನೋ ಚಟ" ಎಂದಳು. ನನಗೆ ಕೇಳಿಸುವ ಹಾಗೆ. ಅವರೆಲ್ಲ ನಕ್ಕರು.

ನನ್ನ ಮೈ ಉರಿದು ಹೋಯಿತು. ಒಬ್ಬಳು ತನ್ನ ಗಂಟಲಿನ ವಿಷಯ ತಾನೇ ಹೇಳಿದರೆ ಇನ್ನೊಬ್ಬಳು ನಂಬುವುದಿಲ್ಲ ಎಂದರೆ ಏನರ್ಥ? ಅವಳ ಗಂಟಲೇ ಅದು? ಉಸಿರು ನಿಂತಾಗ ಒಳಗಿದ್ದವಳು ಅವಳೇ? ನಗುವವರ ನಡುವೆ ಕೂತು ಪಟ್ಟ ಅವಮಾನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಇಂಥ ಕಲ್ಲುಮನಸ್ಸಿನವರೂ ಇರುತ್ತಾರೆ ಎಂದು ನನಗೆ ತಿಳಿದಿರಲಿಲ್ಲ.

ನನ್ನ ಅಲರ್ಜಿಯ ಬಗ್ಗೆ ಈಗ ನಾನು ಬಹಳ ಓದಿಕೊಂಡಿದ್ದೇನೆ. ನಿನಗೂ ಹೇಳುತ್ತೇನೆ, ಇಂಜೆಕ್ಷನ್ ಒಂದಿದ್ದರೆ ಸಾಲದು, ಎರಡು ಇಟ್ಟುಕೊಂಡಿರಬೇಕು. ಕಾರಿನಲ್ಲಿ ಇಡಬೇಡ, ಬಿಸಿಲಿಗೆ ಕೆಡುತ್ತದೆ. ನೀನು ಮೊದಲಿನಿಂದಲೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ನನಗೆ ಅನುಮಾನ.

ಈಗ ಮುಖ್ಯ ವಿಷಯ. ರಕ್ತದಲ್ಲಿ ರೋಗದ ಕಣಗಳು ಮತ್ತೆ ಕಂಡಿವೆ. ಇನ್ನೂ ಸ್ವಲ್ಪವೇ. ಆ ಕಣಗಳು ನನ್ನವೇ, ನನ್ನದೇ ಗುರುತು ಹೊತ್ತು ಓಡಾಡುವಂಥವು. ಅದಕ್ಕೇ ಮೊದಲ ಸಲ ನನ್ನ ಕಾವಲುಗಾರರು ಅವನ್ನು ನಮ್ಮವರು ಎಂದು ಬಿಟ್ಟುಬಿಟ್ಟರು. ನಿನ್ನ ಕಾವಲುಗಾರರಿಗೆ ನನ್ನ ಮೇಲೆ ಆ ದಾಕ್ಷಿಣ್ಯವಿಲ್ಲ. ಅವರೇ ಬೇಕು ಎನ್ನುತ್ತಾರೆ ಡಾಕ್ಟರು, ಇನ್ನೊಂದು ಚೀಲದಷ್ಟು. ಚರ್ಮ ಮತ್ತೆ ಸುಲಿಯಬಹುದು, ಕರುಳೂ ಕೆಡಬಹುದು, ಆದರೆ ರೋಗವನ್ನು ಹಿಡಿಯುವುದಿದ್ದರೆ ಇದೊಂದೇ ದಾರಿ. ಬೇರೆ ಔಷಧಿಗಳನ್ನು ತಾಳುವ ಶಕ್ತಿ ನನಗೆ ಉಳಿದಿಲ್ಲ. ನಿನಗೆ ಒಂದು ಹಗಲಿನ ಕೆಲಸ. ಈ ತಿಂಗಳೇ ಆಗಬೇಕು. ಬರುತ್ತೀಯ ತಾನೇ? ನನಗೆ ಹೆದರಿಕೆಯಾಗುತ್ತಿದೆ. ಭಾವನಿಗೂ ಹೀಗೆ ಹೇಳಿಲ್ಲ.

ನೀನು ಏನೋ ಒಂದು ವಾಕ್ಯ ಕೇಳಿದ್ದೆ. ಹಳೆಯದನ್ನು ಕೆದಕುವುದರಿಂದ ಯಾರಿಗೂ ಉಪಯೋಗವಿಲ್ಲ. ನಮ್ಮಿಬ್ಬರಲ್ಲಿ ಈಗ ಓಡುತ್ತಿರುವುದು ಒಂದೇ ರಕ್ತ. ಅದಕ್ಕಿಂತ ದೊಡ್ಡ ವಾಕ್ಯ ಯಾವುದಿದೆ?

ಅಕ್ಕ

ಅಕ್ಟೋಬರ್ ೧೪

ಅಕ್ಕನಿಗೆ,

ಬರುತ್ತೇನೆ. ಆಸ್ಪತ್ರೆಗೆ ಆಗಲೇ ಫೋನ್ ಮಾಡಿ ಬುಧವಾರಕ್ಕೆ ಗೊತ್ತು ಮಾಡಿಕೊಂಡಿದ್ದೇನೆ. ನಿನ್ನ ಜೀವ ಇಟ್ಟುಕೊಂಡು ನಾನು ಚೌಕಾಸಿ ಮಾಡುವುದಿಲ್ಲ. ಆ ಹೆದರಿಕೆ ನಿನಗೆ ಬೇಡ.

ನಿನ್ನ ನಾದಿನಿಯ ಕಥೆ ಓದಿದೆ. ಮೊದಲು ನಗು ಬಂತು. ಇವಳು ನನ್ನ ವಿಷಯವನ್ನೇ ಬೇರೆ ರೀತಿಯಲ್ಲಿ ಬರೆದಿದ್ದಾಳೆ, ಮುಂದಿನ ಸಾಲಿನಲ್ಲಿ 'ಹೀಗೇ ನಿನಗೂ ಆಗಿತ್ತಲ್ಲ' ಎಂದು ಬರುತ್ತದೆ ಎಂದುಕೊಂಡು ಮುಂದಕ್ಕೆ ಓದಿದೆ. ಬರಲಿಲ್ಲ. ಪುಟ ತಿರುಗಿಸಿದೆ. ಬಿಸಿಲಿನಲ್ಲಿ ಇಂಜೆಕ್ಷನ್ ಇಡಬೇಡ ಎಂದು ಬಂತು. ಆಗ ನನಗೆ ತಿಳಿಯಿತು, ನೀನು ಬಿಗುಮಾನಕ್ಕೆ ಆ ವಾಕ್ಯ ಬರೆಯದೆ ಇದ್ದದ್ದಲ್ಲ. ನಿನಗೆ ನಿಜಕ್ಕೂ ಕಾಣಿಸುತ್ತಿಲ್ಲ. ನನ್ನ ರಕ್ತ ಒಳಗೆ ಹೋಗಿ, ನನ್ನ ಗಂಟಲು ನಿನ್ನದಾಗಿ, ನಾನು ಪಟ್ಟ ಅವಮಾನವನ್ನು ಇದ್ದದ್ದು ಇದ್ದ ಹಾಗೆ ನೀನೂ ಪಟ್ಟು, ಅದರ ಮೇಲೂ ಅಲ್ಲಿ ನಾನಿಲ್ಲ. ಎಲ್ಲ ನಿನ್ನದೇ. ನನ್ನ ಅಲರ್ಜಿ ಕೂಡ ಈಗ ನಿನ್ನದೇ.

ಬಿಗುಮಾನವಾಗಿದ್ದರೆ ಕಾಯ್ದುಕೊಂಡು ಇರುತ್ತಿದ್ದೆ. ಇಷ್ಟು ವರ್ಷ ಕಾದವಳು. ಈಗ ಯಾವುದಕ್ಕೆ ಕಾಯಲಿ? ಇನ್ನು ಆ ವಾಕ್ಯ ಬರೆಯಬೇಡ. ಬರೆದರೂ ಅದು ನಾನು ಹೇಳಿಕೊಟ್ಟು ಬರೆಸಿದ್ದಾಗುತ್ತದೆ.

ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಕೆಳಗಿನ ಮಹಡಿಯಲ್ಲಿ ನನ್ನದು ಮುಗಿಯುತ್ತದೆ, ನೀನು ಮೇಲಿನ ವಾರ್ಡಿನಲ್ಲಿ ಇರುತ್ತೀಯ. ಭಾವನಿಗೆ ಹೇಳು, ನನಗೆ ಊಟ ತರುವುದು ಬೇಡ. ಚಿಕಿತ್ಸೆ ಹೇಗಾಯಿತು ಎಂದು ಅವರೇ ನನಗೆ ತಿಳಿಸಲಿ. ನೀನು ಬರೆದರೆ ನಾನು ಕಾಗದ ಒಡೆಯುವುದಿಲ್ಲ.

ನನ್ನ ಕಣಗಳು ನಿನ್ನ ಹತ್ತಿರ ಬರಲಿ. ನೀನು ಯಾರೆಂದು ಅವಕ್ಕೆ ಇವತ್ತಿಗೂ ಗೊತ್ತಿಲ್ಲ, ಅದಕ್ಕೇ ನಿನ್ನನ್ನು ಉಳಿಸುತ್ತವೆ. ನನಗೆ ಗೊತ್ತಾಗಿದೆ. ನಾನು ಮಹಡಿ ಹತ್ತುವುದಿಲ್ಲ.

ತಂಗಿ